ಕೊಲ್ಹಾಪುರ ಸೀಮೆಯ ಎರಡು ಬೇಂದೂರ

ಕೊಲ್ಹಾಪುರ ಜಿಲ್ಲೆಯ ಎತ್ತುಗಳಿಗೆ ವರ್ಷಕ್ಕೆ ಎರಡು ಹಬ್ಬ. ಎರಡಕ್ಕೂ ಬೇಂದೂರ ಎಂದೇ ಹೆಸರು. ಇಚಲಕರಂಜಿಯಲ್ಲಿ, ಹಾತಕಣಂಗಲೆ ಮತ್ತು ಶಿರೋಳದ ಹಳ್ಳಿಗಳಲ್ಲಿ, ಗಡಹಿಂಗ್ಲಜದ ಗಡಿ ಮಗ್ಗುಲಿನ ಊರುಗಳಲ್ಲಿ ಅದು ಜ್ಯೇಷ್ಠದ ಹುಣ್ಣಿಮೆಗೆ ಬರುತ್ತದೆ. ಕೊಲ್ಹಾಪುರ ಪಟ್ಟಣ ಮತ್ತು ಅದರ ಪಶ್ಚಿಮದ ತಾಲ್ಲೂಕುಗಳಲ್ಲಿ ಒಂದು ತಿಂಗಳು ತಡವಾಗಿ, ಆಷಾಢದ ಹುಣ್ಣಿಮೆಯ ಆಸುಪಾಸಿನಲ್ಲಿ. ಎರಡನೆಯದನ್ನು ಮಹಾರಾಷ್ಟ್ರೀಯ ಬೇಂದೂರ ಅನ್ನುತ್ತಾರೆ. ಮೊದಲನೆಯದನ್ನು ಮರಾಠಿ ಪತ್ರಿಕೆಗಳೂ ಮರಾಠಿ ಮನೆಗಳೂ ಕರೆಯುವುದು ಕರ್ನಾಟಕಿ ಬೇಂದೂರ ಎಂದು.

ಕನ್ನಡದ ಓದುಗರಿಗೆ ಈ ಕರ್ನಾಟಕಿ ಬೇಂದೂರವನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಅದು ನಮ್ಮ ಕಾರಹುಣ್ಣಿಮೆ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ, ಕಲಬುರಗಿಯ ರೈತ ಮನೆಗಳಲ್ಲಿ ವರ್ಷದ ಹಬ್ಬಗಳ ಸಾಲು ಶುರುವಾಗುವುದು ಕಾರಹುಣ್ಣಿಮೆಯಿಂದ, ಮುಗಿಯುವುದು ಹೋಳಿ ಹುಣ್ಣಿಮೆಗೆ. ಕಾರಹುಣ್ಣಿಮೆ ಹಬ್ಬಗಳನ್ನು ಕರೆದುಕೊಂಡು ಬರುತ್ತದೆ, ಹೋಳಿ ಹೊಯ್ಕೊಂಡು ಹೋಗುತ್ತದೆ ಎಂದು ಹಿರಿಯರು ಹೇಳುವ ಮಾತು ಆ ಕಡೆ ಎಲ್ಲರ ಬಾಯಲ್ಲೂ ಇದೆ. ಅದೇ ಹುಣ್ಣಿಮೆ ದೂಧಗಂಗೆಯನ್ನು ದಾಟಿ ಮಹಾರಾಷ್ಟ್ರದ ನೇಕಾರರ ಪಟ್ಟಣ ಇಚಲಕರಂಜಿಯೊಳಕ್ಕೆ ಬಂದು, ಅಲ್ಲಿನ ಅಂಗಡಿ ಸಾಲುಗಳಲ್ಲಿ ಮೂಗುದಾರ, ಗೊಂಡೆ, ಗೆಜ್ಜೆಸರಗಳಾಗಿ ತೂಗುತ್ತದೆ. ಎತ್ತಿನ ಹಬ್ಬಗಳ ತಿಥಿಯನ್ನು ನಿಶ್ಚಯಿಸಿದ್ದು ಮಳೆ ಮತ್ತು ಮಣ್ಣು, ರಾಜ್ಯಗಳ ಗಡಿ ಅಲ್ಲ ಎಂಬುದಕ್ಕೆ ಈ ಜಿಲ್ಲೆಗಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ. ಅದನ್ನೇ ಇಲ್ಲಿ ಬಿಡಿಸಿ ಹೇಳಬೇಕೆಂದಿದ್ದೇನೆ.

ಹಬ್ಬ ಶುರುವಾಗುವುದು ಹುಣ್ಣಿಮೆಯ ದಿನವಲ್ಲ, ಮುನ್ನಾದಿನ. ನಮ್ಮ ಕಡೆ ಅದಕ್ಕೆ ಹೊನ್ನುಗ್ಗಿ ಅನ್ನುತ್ತಾರೆ. ಎತ್ತಿನ ಹೆಗಲು ವರ್ಷವಿಡೀ ನೊಗ ಹೊತ್ತು ಜಡ್ಡುಗಟ್ಟಿರುತ್ತದೆ. ಅದನ್ನು ಬಿಸಿನೀರಿನಲ್ಲಿ ತೊಳೆದು, ಅರಿಶಿಣ ಬೆರೆಸಿದ ಬೆಣ್ಣೆಯನ್ನೋ ತುಪ್ಪವನ್ನೋ ಹಚ್ಚಿ ತಿಕ್ಕುತ್ತಾರೆ. ಮರಾಠಿಯವರಲ್ಲಿ ಇದಕ್ಕೆ ಖಾಂದೇಮಳಣಿ ಎಂಬ ಹೆಸರಿದೆ. ಇದನ್ನು ಬರೀ ಶಾಸ್ತ್ರ ಅಂದುಕೊಳ್ಳಬಾರದು. ನೊಗದ ಗಾಯ ಮಾಯುವುದಕ್ಕೆ, ಬಿತ್ತನೆಯ ಭಾರದ ದಿನಗಳಿಗೆ ಹೆಗಲು ಅಣಿಯಾಗುವುದಕ್ಕೆ ಇದು ನಿಜಕ್ಕೂ ಬೇಕಾದ ಆರೈಕೆ. ಬಿದಿರಿನ ಗೊಟ್ಟದಲ್ಲಿ ಎಣ್ಣೆ, ಮಜ್ಜಿಗೆ, ಅರಿಶಿಣ, ಹಸಿ ತತ್ತಿ ಕಲಸಿ ಕುಡಿಸುವುದೂ ಇದರ ಜೊತೆಗೇ ನಡೆಯುತ್ತದೆ. ತತ್ತಿ ಮುಟ್ಟದ ಲಿಂಗಾಯತ ಮತ್ತು ಜೈನ ಮನೆಗಳಲ್ಲಿ ಎಣ್ಣೆ, ಬೆಲ್ಲ, ಮಜ್ಜಿಗೆಗೇ ಮುಗಿಯುತ್ತದೆ. ಪಂಚಗಂಗೆ ಮತ್ತು ಕೃಷ್ಣೆಯ ದಂಡೆಯ ಈ ಸೀಮೆಯಲ್ಲಿ ಒಕ್ಕಲುತನದ ದೊಡ್ಡ ಪಾಲು ಜೈನರದು ಎಂಬುದನ್ನು ಹೊರಗಿನವರು ಮರೆಯುತ್ತಾರೆ. ಬೇಂದೂರ ಅವರಿಗೂ ಮನೆಯ ಹಬ್ಬ. ಮರಾಠಾ, ಲಿಂಗಾಯತ, ಜೈನ, ಧನಗರ, ಮಾದಿಗ ಹೀಗೆ ಎತ್ತು ಇದ್ದ ಮನೆಯೆಲ್ಲ ಹಬ್ಬದ ಮನೆಯೇ. ಹಗ್ಗ ಹೊಸೆಯುವವರು, ಚರ್ಮದ ಪಟ್ಟಿ ಹೊಲಿಯುವವರು, ಮಣ್ಣಿನ ಎತ್ತು ಮಾಡುವ ಕುಂಬಾರರು, ಹಲಗಿ ಬಾರಿಸುವವರು, ಇವರೆಲ್ಲರ ಕೈಗೆ ನಾಲ್ಕು ಕಾಸು ಬರುವುದೂ ಇದೇ ವಾರ.

ಹುಣ್ಣಿಮೆಯ ಬೆಳಗ್ಗೆ ಹೊಳೆಯಲ್ಲಿ ಮೈತೊಳೆಯುವ ಕೆಲಸ. ಕೋಡು ಹೆರೆದು ನುಣುಪು ಮಾಡಿ ಹುರಮಂಜು ಬಳಿಯುತ್ತಾರೆ. ಈಗ ಹೆಚ್ಚಿನವರು ಡಬ್ಬಿಯ ಆಯಿಲ್ ಪೇಂಟ್ ಬಳಿಯುತ್ತಾರೆ. ಹುರಮಂಜು ಮಳೆಗೆ ತೊಳೆದುಹೋಗುತ್ತಿತ್ತು, ಪೇಂಟ್ ದೀಪಾವಳಿಯವರೆಗೂ ಇರುತ್ತದೆ. ಕೋಡಿನ ತುದಿಗೆ ಹಿತ್ತಾಳೆಯ ಅಣಸು, ಹಣೆಗೆ ಗೊಂಡೆ, ಬೆನ್ನಿಗೆ ಕನ್ನಡಿ ಚೂರು ಹೊಲಿದ ಜೂಲ. ಮನೆಯಾಕೆ ಆರತಿ ಬೆಳಗಿ, ಹೋಳಿಗೆ ತಿನ್ನಿಸಿ, ಕೋಡಿಗೆ ಕೋಡುಬಳೆ ಸಿಕ್ಕಿಸುತ್ತಾಳೆ. ಅಂದು ಹೆಗಲ ಮೇಲೆ ನೊಗ ಇಡುವಂತಿಲ್ಲ, ಬಾರಕೋಲು ಎತ್ತುವಂತಿಲ್ಲ. ಕನ್ನಡ ಮನೆಗಳಲ್ಲಿ ಎತ್ತನ್ನು ಅಂದು ಬಸವಣ್ಣ ಎಂದೇ ಕರೆಯಬೇಕು.

ಸಂಜೆಯದು ಕರಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಊರ ಅಗಸಿಗೆ ಬೇವಿನ ಸೊಪ್ಪಿನ ಹಗ್ಗ ಕಟ್ಟಿ, ಸಿಂಗರಿಸಿದ ಎತ್ತುಗಳನ್ನು ಓಡಿಸಿ, ಮೊದಲು ಬಂದದ್ದರಿಂದ ಅದನ್ನು ಹರಿಸುತ್ತಾರೆ. ಇಚಲಕರಂಜಿಯಲ್ಲಿ ಇದೇ ಆಚರಣೆ 'ಕರ ತೋಡಣೆ' ಎಂಬ ಹೆಸರಿನಲ್ಲಿ ಇಂದಿಗೂ ನಡೆಯುತ್ತದೆ. ಊರ ಹಳೆಯ ಭಾಗವಾದ ಗಾವಭಾಗದಲ್ಲಿ ಜನ ಕಿಕ್ಕಿರಿದು ನಿಂತು ನೋಡುತ್ತಾರೆ. ಘೋರ್ಪಡೆ ಜಹಗೀರದಾರರ ಕಾಲದಿಂದ ನಡೆದು ಬಂದದ್ದು ಎಂದು ಊರು ಹೆಮ್ಮೆಯಿಂದ ಹೇಳುತ್ತದೆ. ಅದೇ ಘೋರ್ಪಡೆ ಮನೆತನದ ನಾರಾಯಣರಾವ್ ಬಾಬಾಸಾಹೇಬರು ಆಳುತ್ತಿದ್ದ ಕಾಲದಲ್ಲಿ, 1904ರಲ್ಲಿ, ವಿಠ್ಠಲರಾವ್ ದಾತಾರ್ ಈ ಊರಿಗೆ ಮೊದಲ ಪವರ್‌ಲೂಮ್ ತಂದರು. ಅಲ್ಲಿಂದ ಇಚಲಕರಂಜಿ ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಆಯಿತು, 2022ರಲ್ಲಿ ಮಹಾನಗರಪಾಲಿಕೆಯೂ ಆಯಿತು. ಮಗ್ಗದ ಸದ್ದು ಹಗಲೂ ರಾತ್ರಿಯೂ ನಿಲ್ಲದ ಊರು ಅದು. ಅಂಥ ಊರು ತನ್ನ ಎತ್ತಿನ ಕರಿಯನ್ನು ಬಿಟ್ಟಿಲ್ಲ. ನೇಯ್ಗೆಯಲ್ಲಿ ಇಷ್ಟು ದುಡಿದ ಊರಿಗೆ ಒಕ್ಕಲುತನದ ನೆನಪು ಇಷ್ಟು ಗಟ್ಟಿಯಾಗಿ ಉಳಿದದ್ದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಕರಿ ಹರಿಯುವುದರಲ್ಲಿ ಒಂದು ಶಕುನವೂ ಇದೆ. ಕೆಂದು ಬಣ್ಣದ ಎತ್ತು ಮೊದಲು ಬಂದರೆ ಆ ವರ್ಷ ಮುಂಗಾರಿ ಬೆಳೆ ಹುಲುಸು. ಬಿಳಿ ಎತ್ತು ಬಂದರೆ ಹಿಂಗಾರಿ, ಅಂದರೆ ಬಿಳಿಜೋಳ, ಗೋದಿ, ಕುಸುಬೆ ಚೆನ್ನಾಗಿ ಬರುತ್ತದೆ. ಯಾವ ಎತ್ತು ಗೆದ್ದರೂ ಯಾವುದೋ ಒಂದು ಬೆಳೆ ಕೈ ಹಿಡಿಯುತ್ತದೆ. ಬರಗಾಲದ ಶಕುನಕ್ಕೆ ಈ ಓಟದಲ್ಲಿ ಜಾಗವೇ ಇಲ್ಲ. ಮಳೆಯನ್ನೇ ನಂಬಿ ಬೀಜ ಚೆಲ್ಲಬೇಕಾದ ವಾರದಲ್ಲಿ ಒಕ್ಕಲಿಗನಿಗೆ ಇಂಥ ಶಕುನವೇ ಬೇಕು.

ಅದೇ ಹುಣ್ಣಿಮೆ ಮರಾಠಿ ಹೆಣ್ಣುಮಕ್ಕಳಿಗೆ ವಟಪೌರ್ಣಿಮೆ. ಬೆಳಗ್ಗೆ ಆಲದ ಮರದ ಸುತ್ತ ಬಿಳಿ ನೂಲು ಸುತ್ತುವ ಸಾಲು, ಸಂಜೆ ಎತ್ತಿನ ಓಟಕ್ಕೆ ಸೇರುವ ಗುಂಪು. ಗಡಿಯ ಮನೆಗಳಲ್ಲಿ ಅತ್ತೆ ಕನ್ನಡದ ಊರಿನವಳು, ಸೊಸೆ ಮರಾಠಿ ಊರಿನವಳು ಎಂಬುದು ತೀರ ಸಾಮಾನ್ಯ. ಹಿತ್ತಲಲ್ಲಿ ಎತ್ತಿಗೆ ಹೋಳಿಗೆ, ಒಳಗೆ ಸೊಸೆಗೆ ಉಪವಾಸ. ಎರಡೂ ಒಂದೇ ಅಡುಗೆಮನೆಯಲ್ಲಿ ನಡೆಯುತ್ತವೆ, ಇದರಲ್ಲಿ ಯಾವ ಇಕ್ಕಟ್ಟನ್ನೂ ಆ ಮನೆಯವರು ಕಾಣುವುದಿಲ್ಲ.

ಇನ್ನು ಒಂದು ಜಿಲ್ಲೆಯಲ್ಲಿ ಎರಡು ತಿಥಿ ಯಾಕೆ ಎಂಬ ಪ್ರಶ್ನೆಗೆ ಬರೋಣ. ಕೊಲ್ಹಾಪುರದ ನಕಾಶೆಯನ್ನು ಮಳೆಯ ಲೆಕ್ಕದಲ್ಲಿ ನೋಡಬೇಕು. ಪಶ್ಚಿಮದ ತುದಿಯಲ್ಲಿ ಸಹ್ಯಾದ್ರಿಯ ನೆತ್ತಿಯ ಮೇಲೆ ಗಗನಬಾವಡಾ. ಅಲ್ಲಿ ವರ್ಷದ ಮಳೆ ಐದು ಸಾವಿರ ಮಿಲಿಮೀಟರ್ ದಾಟುವುದುಂಟು. ಪೂರ್ವಕ್ಕೆ ಇಳಿದಂತೆ ಮಳೆ ಕರಗುತ್ತ ಹೋಗಿ, ಶಿರೋಳಕ್ಕೆ ಬರುವಷ್ಟರಲ್ಲಿ ಅದರ ಹತ್ತನೆಯ ಒಂದು ಪಾಲಿನಷ್ಟಕ್ಕೆ ಬಂದು ನಿಲ್ಲುತ್ತದೆ. ನೇರ ದಾರಿಯಲ್ಲಿ ನೂರು ಕಿಲೋಮೀಟರಿನ ಒಳಗೆ ಇಷ್ಟು ವ್ಯತ್ಯಾಸ. ಪಶ್ಚಿಮದಲ್ಲಿ ಭತ್ತ. ಅಲ್ಲಿ ಎತ್ತುಗಳ ನಿಜವಾದ ದುಡಿಮೆ ಮಳೆ ಹಿಡಿದ ಮೇಲಿನ ಕೆಸರು ಗದ್ದೆಯದು. ಪೂರ್ವದ ಎರೆ ನೆಲದಲ್ಲಿ ಜೋಳ, ಶೇಂಗಾ, ಈಚೆಗೆ ಸೋಯಾಬೀನ್. ಅಲ್ಲಿ ಬೇಸಿಗೆಯುದ್ದಕ್ಕೂ ನೇಗಿಲು, ಕುಂಟೆ ಹೊಡೆದು ಮಿರಗದ ಮಳೆಗೆ, ಅಂದರೆ ಮೃಗಶಿರಕ್ಕೆ ಕಾಯುತ್ತಾರೆ. ಜೂನ್ ಏಳರ ಸುಮಾರಿಗೆ ಮಿರಗ ಹೂಡುತ್ತದೆ. ನೆಲ ಹದವಾಗಿ ಕೂರಿಗೆ ಹೊಲಕ್ಕೆ ಇಳಿಯುವ ಈ ದಿನಗಳಿಗೇ ಕಾರಹುಣ್ಣಿಮೆ ಹೊಂದಿಕೊಂಡಿದೆ. ಹೀಗಾಗಿ ಒಣನೆಲದ ಎತ್ತು ಜ್ಯೇಷ್ಠದಲ್ಲೇ ಪೂಜೆ ಪಡೆಯುತ್ತದೆ, ಮಳೆನಾಡಿನ ಎತ್ತು ಆಷಾಢಕ್ಕೆ ಕಾಯುತ್ತದೆ ಎಂಬುದು ನಾನು ಮಾಡಿಕೊಂಡ ಅರ್ಥ. ಚಂದ್ರಮಾನದ ತಿಥಿ ಮಳೆಯ ನಕ್ಷತ್ರದೊಡನೆ ಸದಾ ಸರಿಹೊಂದುವುದಿಲ್ಲ ಎಂಬುದು ನಿಜವೇ. 2026ರಂಥ ಅಧಿಕ ಜ್ಯೇಷ್ಠದ ವರ್ಷದಲ್ಲಿ ಕಾರಹುಣ್ಣಿಮೆ ಜೂನ್ ಕೊನೆಗೆ ಸರಿಯುತ್ತದೆ. ಆಗ ಹಬ್ಬಕ್ಕೆ ಕಾಯದೆ ಕೂರಿಗೆ ಮೊದಲು ಹೊಲಕ್ಕೆ ಹೋಗುತ್ತದೆ.

ನೋಟವನ್ನು ಇನ್ನಷ್ಟು ಹಿಗ್ಗಿಸಿದರೆ ಇದು ದಖ್ಖನಿನ ಉದ್ದಕ್ಕೂ ಕಾಣುತ್ತದೆ. ಜ್ಯೇಷ್ಠದ ಹುಣ್ಣಿಮೆಗೆ ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರದ ಪೂರ್ವಭಾಗ. ಹದಿನೈದು ದಿನ ಕಳೆದು ಅಮಾವಾಸ್ಯೆಗೆ ನಮ್ಮಲ್ಲಿ ಮಣ್ಣೆತ್ತಿನ ಪೂಜೆ, ಮಕ್ಕಳು ಮಣ್ಣೆತ್ತು ಹಿಡಿದು ಮನೆಮನೆಗೆ ಕಾಳು ಬೇಡಲು ಹೋಗುವ ದಿನ. ಆಷಾಢದ ಹುಣ್ಣಿಮೆಯ ಹೊತ್ತಿಗೆ ಕೊಲ್ಹಾಪುರದ ಪಶ್ಚಿಮಭಾಗ. ಕಡೆಗೆ ಶ್ರಾವಣದ ಅಮಾವಾಸ್ಯೆಗೆ ಮರಾಠವಾಡಾ ಮತ್ತು ವಿದರ್ಭದ ಪೋಳಾ. ಜೂನಿನಲ್ಲಿ ದಕ್ಷಿಣದಲ್ಲಿ ಹೊರಟ ಸಿಂಗಾರದ ಎತ್ತು ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ನಾಗಪುರ ತಲುಪುತ್ತದೆ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ಬೆಳಗಾವಿ ಜಿಲ್ಲೆಯ ಚಂದಗಡ ತಾಲ್ಲೂಕು ಕೊಲ್ಹಾಪುರಕ್ಕೆ ಸೇರಿತು. ಹಿರಣ್ಯಕೇಶಿ ಆಗಲೂ ಈಗಲೂ ಅಂಬೋಲಿಯ ಘಟ್ಟದಲ್ಲಿ ಹುಟ್ಟಿ, ಆಜರಾ ಮತ್ತು ಗಡಹಿಂಗ್ಲಜವನ್ನು ಹಾದು, ಕರ್ನಾಟಕದ ಸಂಕೇಶ್ವರಕ್ಕೆ ಬಂದು, ಮುಂದೆ ಘಟಪ್ರಭೆಯನ್ನು ಕೂಡುತ್ತದೆ. ಗಡಹಿಂಗ್ಲಜದ ಪೇಟೆಯಲ್ಲಿ ಇಂದಿಗೂ ರಾಶಿ ಬೀಳುವುದು ಸಂಕೇಶ್ವರಿ ಮೆಣಸಿನಕಾಯಿ. ಹೊಳೆ, ಪೇಟೆ, ಬೀಗತನ ಮೂರೂ ಗೆರೆಯ ಎರಡೂ ಕಡೆ ಹರಡಿರುವಾಗ ಹುಣ್ಣಿಮೆಯೊಂದನ್ನು ಮಾತ್ರ ಈಚೆಗೇ ನಿಲ್ಲಿಸುವುದು ಯಾರಿಂದ ಸಾಧ್ಯವಿತ್ತು?

ದನಗಳಿಗೆಂದು ಪಂಚಾಂಗದಲ್ಲಿ ಒಂದು ದಿನ ಇಡುವುದು ನಮ್ಮಲ್ಲಿ ಮಾತ್ರವಲ್ಲ, ಅದಕ್ಕೇ ಇಲ್ಲಿ ಬಹು ದೂರದ ಒಂದು ದ್ವೀಪದ ಮಾತು ತರುತ್ತೇನೆ. ಇಂಡೋನೇಷ್ಯಾದ ಬಾಲಿಯಲ್ಲಿ ಕಾಲ ಎಣಿಸುವುದು ಶಕವರ್ಷದಲ್ಲಿ. ನಮ್ಮ ಪಂಚಾಂಗದ ಮುಖಪುಟದಲ್ಲಿರುವ ಶಾಲಿವಾಹನ ಶಕೆಯ ಸಂಖ್ಯೆಯೇ ಅಲ್ಲೂ ಇರುತ್ತದೆ. 2023ರ ಮಾರ್ಚ್ 22ರಂದು ನಾವು ಬೇವು ಬೆಲ್ಲ ತಿಂದು ಶಕ 1945ಕ್ಕೆ ಕಾಲಿಟ್ಟ ದಿನವೇ ಬಾಲಿಯವರು ತಮ್ಮ ಹೊಸವರ್ಷ ನ್ಯೆಪಿಯನ್ನು ಆಚರಿಸಿದರು. ಅಂದು ಅಲ್ಲಿ ಇಡೀ ದ್ವೀಪ ಮೌನ ಹಿಡಿಯುತ್ತದೆ, ಒಲೆ ಹಚ್ಚುವುದಿಲ್ಲ, ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ. ಇದರ ಜೊತೆಗೆ ಅವರಿಗೆ ಇನ್ನೊಂದು ಪಂಚಾಂಗವಿದೆ. ಏಳು ದಿನದ ಮೂವತ್ತು ವಾರ, ಒಟ್ಟು 210 ದಿನದ ಸುತ್ತು ಅದು. ಆ ಮೂವತ್ತು ವಾರಗಳಿಗೂ ಒಂದೊಂದು ಹೆಸರುಂಟು. ಈ ಸುತ್ತಿನೊಳಗೆ ಕೆಲವು ಶನಿವಾರಗಳಿಗೆ ತುಂಪೆಕ್ ಎನ್ನುತ್ತಾರೆ. ಗಿಡಮರಗಳಿಗೆ ಒಂದು ತುಂಪೆಕ್, ಕಬ್ಬಿಣದ ಹತಾರಗಳಿಗೆ ಒಂದು, ದನಕರುಗಳಿಗೆ ಒಂದು. ದನಗಳದು ತುಂಪೆಕ್ ಕಂದಾಂಗ್. ಅಂದು ಕೊಟ್ಟಿಗೆಯ ಎಲ್ಲ ಜೀವಗಳಿಗೂ ತೀರ್ಥ ಚಿಮುಕಿಸಿ ನೈವೇದ್ಯ ಇಡುತ್ತಾರೆ. ಪೂಜೆ ಸಲ್ಲುವುದು ದನಕಾಯುವ ಹುಡುಗನ ರೂಪ ತಾಳಿದ ಶಿವನಿಗೆ, ರಾರೆ ಆಂಗೊನ್ ಎಂಬ ಹೆಸರಿನಲ್ಲಿ. ಶಿವನ ವಾಹನವೇ ಬಸವಣ್ಣನೆಂದು ಎತ್ತಿಗೆ ಕೈಮುಗಿಯುವ ಗಡಹಿಂಗ್ಲಜದ ರೈತನಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಕಬ್ಬಿಣದ ತುಂಪೆಕ್‌ನಲ್ಲಿ ಈಗ ಕತ್ತಿ, ಕುಡುಗೋಲುಗಳ ಜೊತೆಗೆ ಮೋಟರ್ ಬೈಕು, ಕಾರುಗಳಿಗೂ ಹೂವು ಏರುತ್ತದೆ. ನಮ್ಮ ದಸರೆಯ ಖಂಡೇಪೂಜೆ ಹಿಡಿದ ದಾರಿಯೂ ಅದೇ.

ಬಾಲಿಯಲ್ಲೂ ಓಟವಿದೆ. ದ್ವೀಪದ ಪಶ್ಚಿಮದ ಜೆಂಬ್ರಾನಾದಲ್ಲಿ ಮಕೆಪುಂಗ್ ಎಂಬ ಕೋಣದ ಗಾಡಿ ಓಟ ಗದ್ದೆ ಕೆಲಸದಿಂದಲೇ ಹುಟ್ಟಿ ಬೆಳೆಯಿತು. ಇಜೊಗಾಡಿಂಗ್ ಎಂಬ ಹೊಳೆಯ ಪೂರ್ವ ದಂಡೆಯವರದು ಕೆಂಪು ಪಕ್ಷ, ಪಶ್ಚಿಮ ದಂಡೆಯವರದು ಹಸಿರು ಪಕ್ಷ. ಉತ್ತರದ ಬುಲೆಲೆಂಗ್‌ನಲ್ಲಿ ಇನ್ನೊಂದು ಬಗೆಯುಂಟು, ಸಾಪಿ ಗೆರುಂಬುಂಗನ್. ಹೋರಿಗಳ ಕೊರಳಿಗೆ ದೊಡ್ಡ ಮರದ ಗಂಟೆ ಕಟ್ಟಿ ಜೋಡಿಯಾಗಿ ನಡೆಸುತ್ತಾರೆ. ಅಲ್ಲಿ ವೇಗಕ್ಕಿಂತ ನಡಿಗೆಯ ಗತ್ತಿಗೆ, ಜೋಡಿಯ ಹೊಂದಾಣಿಕೆಗೆ, ಎತ್ತಿ ಹಿಡಿದ ತಲೆ ಮತ್ತು ಬಾಲದ ನಿಲುವಿಗೆ ಬೆಲೆ. ಇದು ನನ್ನ ಮನಸ್ಸನ್ನು ಬಹಳ ಸೆಳೆಯಿತು. ನಮ್ಮಲ್ಲೂ ಬೇಂದೂರದ ಮೆರವಣಿಗೆಯಲ್ಲಿ ಜನ ನೋಡುವುದು ಮೊದಲು ಎತ್ತಿನ ಮೈಕಟ್ಟು, ಕೋಡಿನ ಬಾಗು, ಹೆಜ್ಜೆಯ ಠೀವಿ. ಓಟದ ಗೆಲುವು ಆಮೇಲಿನದು.

ಓಟದ ವಿಷಯ ಬಂದಾಗ ಕಾನೂನಿನ ಮಾತು ಬಿಡುವಂತಿಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿನೊಡನೆ ಎತ್ತಿನ ಗಾಡಿ ಶರ್ಯತ್ತುಗಳನ್ನೂ ನಿಷೇಧಿಸಿತು. 2017ರಲ್ಲಿ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರ ಮೂರೂ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಗೆ ತಿದ್ದುಪಡಿ ತಂದವು. ಆದರೂ ಮಹಾರಾಷ್ಟ್ರದಲ್ಲಿ ಶರ್ಯತ್ತಿಗೆ ಬಾಂಬೆ ಹೈಕೋರ್ಟಿನ ತಡೆ ಇತ್ತು. 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಷರತ್ತಿನ ಮೇಲೆ ಅನುಮತಿ ಕೊಟ್ಟಿತು. 2023ರ ಮೇ 18ರಂದು ಸಂವಿಧಾನ ಪೀಠ ಮೂರೂ ರಾಜ್ಯಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ನನ್ನ ನಿಲುವು ಸ್ಪಷ್ಟ. ಕರಿ ಹರಿಯುವ ಓಟ ಉಳಿಯಬೇಕು. ಮೊಳೆ ಚುಚ್ಚುವುದು, ಬಾಲ ಕಚ್ಚುವುದು, ಮದ್ಯ ಕುಡಿಸುವುದು ಇವು ಹಬ್ಬದ ಭಾಗವಾಗಿ ಎಂದೂ ಇರಲಿಲ್ಲ, ಇವನ್ನು ತಡೆಯುವ ನಿಯಮ ಬಿಗಿಯಾಗಿಯೇ ಇರಬೇಕು. ಬಾರಕೋಲನ್ನೇ ನಿಷೇಧಿಸಿದ ದಿನದಂದು ಎತ್ತನ್ನು ನೋಯಿಸುವವನು ಮುರಿಯುವುದು ಸರ್ಕಾರದ ಕಾನೂನಿಗಿಂತ ಮೊದಲು ಹಬ್ಬದ ಕಟ್ಟಳೆಯನ್ನು.

ಬೇಂದೂರಕ್ಕೆ ನಿಜವಾಗಿ ಬಂದಿರುವ ಕಷ್ಟ ಕೋರ್ಟಿನಿಂದ ಬಂದದ್ದಲ್ಲ. ಎತ್ತುಗಳೇ ಕಡಿಮೆಯಾಗಿವೆ. ಪಂಚಗಂಗೆ ಮತ್ತು ಕೃಷ್ಣೆಯ ಎರಡೂ ದಂಡೆ ಈಗ ಕಬ್ಬಿನ ಸಾಮ್ರಾಜ್ಯ. ಕಬ್ಬಿಗೆ ಆಳವಾದ ಉಳುಮೆ ಬೇಕು, ಅದಕ್ಕೆ ಟ್ರ್ಯಾಕ್ಟರ್. ಬಿತ್ತನೆಗೂ ಟ್ರ್ಯಾಕ್ಟರ್. ಗೊಬ್ಬರ ಹೊರಲು, ಕಬ್ಬು ಬೋದಿನ ನಡುವೆ ಕುಂಟೆ ಹೊಡೆಯಲು ಎತ್ತು ಉಳಿದಿದೆ. ಸಕ್ಕರೆ ಕಾರ್ಖಾನೆಯ ಹಂಗಾಮಿನಲ್ಲಿ ಟೈರುಗಾಡಿಗಳ ಸಾಲು ಇನ್ನೂ ಕಾಣುತ್ತದೆ, ಆದರೆ ಅವುಗಳಲ್ಲಿ ಬಹುಪಾಲು ಬೀಡ ಕಡೆಯಿಂದ ಕಬ್ಬು ಕಡಿಯಲು ಬಂದವರವು. ಸ್ವಂತ ದೊಡ್ಡಿಯಲ್ಲಿ ಜೋಡಿ ಎತ್ತು ಕಟ್ಟಿ ವರ್ಷವಿಡೀ ಮೇಯಿಸುವವರು ಊರಿಗೆ ಬೆರಳೆಣಿಕೆಯವರು. ಹೊಳೆ ದಂಡೆಯವರಿಗೆ ಇನ್ನೊಂದು ಆತಂಕವಿದೆ. 2019ರ ಮತ್ತು 2021ರ ಮಹಾಪೂರದಲ್ಲಿ ಶಿರೋಳ ತಾಲ್ಲೂಕಿನ ಹಳ್ಳಿಗಳು ಮುಳುಗಿದಾಗ ದೊಡ್ಡಿಯ ದನಗಳನ್ನು ಎತ್ತರದ ಜಾಗಕ್ಕೆ ಸಾಗಿಸುವುದೇ ಎಲ್ಲಕ್ಕಿಂತ ದೊಡ್ಡ ಕೆಲಸವಾಗಿತ್ತು. ದನ ಬಿಟ್ಟು ಬರಲು ಒಪ್ಪದೆ ನೀರಿನ ನಡುವೆ ಉಳಿದ ಕುಟುಂಬಗಳೂ ಇದ್ದವು. ಹಾಗೆ ಕಾಪಾಡಿಕೊಂಡ ಜೋಡಿಯನ್ನು ಮುಂದಿನ ಜ್ಯೇಷ್ಠದಲ್ಲಿ ಸಿಂಗರಿಸಿ ಬೀದಿಗೆ ತರುವವರ ಮುಖ ನೋಡಿದರೆ ಹಬ್ಬ ಅಂದರೇನೆಂದು ಯಾರಿಗೂ ತಿಳಿಯುತ್ತದೆ.

ಉಳಿದವರು ಏನು ಮಾಡುತ್ತಾರೆ? ಟ್ರ್ಯಾಕ್ಟರ್ ತೊಳೆದು ಬಲೂನು ಕಟ್ಟಿ ಮೆರವಣಿಗೆಗೆ ತರುತ್ತಾರೆ. ಮಗ್ಗದ ಮನೆಯವರು, ಗಿರಣಿ ಕೆಲಸದವರು, ಅಪಾರ್ಟ್‌ಮೆಂಟಿನವರು ಮಣ್ಣಿನ ಜೋಡೆತ್ತು ಕೊಂಡು ತಂದು ಮಣೆಯ ಮೇಲೆ ಇಟ್ಟು ಹೋಳಿಗೆಯ ನೈವೇದ್ಯ ಮಾಡುತ್ತಾರೆ. ಕೊಲ್ಹಾಪುರದ ಶಾಹುಪುರಿ ಮತ್ತು ಗಂಗಾವೇಶದ ಕುಂಬಾರ ಗಲ್ಲಿಗಳಲ್ಲಿ ಗಣಪತಿಯ ಕೆಲಸದ ನಡುವೆ ಬಿಡುವು ಮಾಡಿಕೊಂಡು ಮಣ್ಣೆತ್ತು ಮಾಡುವ ಮನೆಗಳಿವೆ. ಈಗ ಅವುಗಳ ಜೊತೆಗೆ ಪ್ಲಾಸ್ಟರಿನ ಎತ್ತುಗಳೂ ಪೇಟೆಗೆ ಬರುತ್ತಿವೆ. ಪೂಜೆಯ ನಂತರ ನೀರಿನಲ್ಲಿ ಕರಗಬೇಕಾದದ್ದು ಕರಗುವುದಿಲ್ಲ. ಎರಡು ಕಾಸು ಹೆಚ್ಚಾದರೂ ಕುಂಬಾರನ ಮಣ್ಣಿನದನ್ನೇ ಕೊಳ್ಳಬೇಕು ಎಂದು ನಾನು ಹಟ ಹಿಡಿಯುತ್ತೇನೆ.

ತಳಿಯ ಮಾತೂ ಇದೆ. ಈ ಸೀಮೆಯ ಕಣ್ಣಿಗೆ ಚೆಂದ ಎಂದರೆ ಖಿಲಾರಿ. ಬಿಳಿ ಮೈ, ಹಿಂದಕ್ಕೆ ಬಾಗಿ ಮೇಲೇರಿದ ಉದ್ದ ಕೋಡು, ಬಿಗಿಯಾದ ಕಾಲು, ಬೇಗ ಕೆರಳುವ ಸ್ವಭಾವ. ಸಾತಾರಾ, ಸೋಲಾಪುರ, ಸಾಂಗಲಿಯಿಂದ ವಿಜಯಪುರ, ಬೆಳಗಾವಿಯವರೆಗೂ ಇದರ ನೆಲೆ. ಶರ್ಯತ್ತು ಮರಳಿ ಬಂದ ಮೇಲೆ ಖಿಲಾರಿ ಹೋರಿಗಳಿಗೆ ಬೆಲೆ ಮತ್ತೆ ಏರಿದೆ, ಅಷ್ಟರಮಟ್ಟಿಗೆ ತಳಿಗೆ ಆಸರೆ ಸಿಕ್ಕಿದೆ. ಕೃಷ್ಣಾ ಕಣಿವೆಯ ತಳಿಗೆ ಆ ಭಾಗ್ಯವಿಲ್ಲ. ಜಿಗುಟಾದ ಎರೆ ಮಣ್ಣಿನಲ್ಲಿ ಭಾರದ ನೇಗಿಲು ಎಳೆಯಲೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಸಾಂಗಲಿ ಮೊದಲಾದ ಸಂಸ್ಥಾನಗಳ ಆಶ್ರಯದಲ್ಲಿ ಗೀರ್, ಓಂಗೋಲ್, ಮೈಸೂರು ಸೀಮೆಯ ದನಗಳನ್ನು ಕೂಡಿಸಿ ಬೆಳೆಸಿದ ದೊಡ್ಡ ಮೈಯ, ನಿಧಾನ ನಡೆಯ ಎತ್ತು ಅದು. ಓಟಕ್ಕೆ ಅದು ಒದಗುವುದಿಲ್ಲ, ಅದು ಎಳೆಯುತ್ತಿದ್ದ ನೇಗಿಲನ್ನು ಟ್ರ್ಯಾಕ್ಟರ್ ಕಸಿದುಕೊಂಡಿದೆ. ಖಿಲಾರಿಗೆ ಶರ್ಯತ್ತಿನ ಬಹುಮಾನ ಇರುವಂತೆ ಈ ತಳಿ ಸಾಕುವವರಿಗೆ ಎರಡೂ ರಾಜ್ಯಗಳು ಕೂಡಿ ಪೋಷಣೆಯ ಹಣ ಕೊಡಬೇಕು. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಮಾಘದಲ್ಲಿ ಕೊಲ್ಹಾಪುರ, ಸಾಂಗಲಿಗಳಿಂದ ಗಾಡಿ ಹೂಡಿಕೊಂಡು ಭಕ್ತರು ಬರುತ್ತಾರೆ, ದನದ ಪೇಟೆ ಅಲ್ಲೇ ಕೂಡುತ್ತದೆ. ಎರಡೂ ಕಡೆಯ ಪಶುವೈದ್ಯರು, ತಳಿ ಸಾಕುವವರು ಒಟ್ಟಿಗೆ ಕೂತು ಈ ಕೆಲಸ ಶುರುಮಾಡಲು ಅದಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ. ಮಾಘದಲ್ಲಿ ಅಲ್ಲಿ ಕೊಂಡ ಹೋರಿ ನಾಲ್ಕು ತಿಂಗಳು ಮೇದು, ಪಳಗಿ, ಕಾರಹುಣ್ಣಿಮೆಯ ಹೊತ್ತಿಗೆ ನೊಗಕ್ಕೆ ಬಂದಿರುತ್ತದೆ.